ಕಣಗಿಲೆ, ಕುದುರೆ ಮತ್ತು ನನ್ನ ಸಿದ್ಧಾಂತ

ಹೆದರಿಕೆಯನ್ನು ಮುಚ್ಚಿಡಲು ವೇದಾಂತದಷ್ಟು ಒಳ್ಳೆಯ ಹೊದಿಕೆ ಬೇರೆ ಇಲ್ಲ. ನನಗೆ ಕುದುರೆ ಎಂದರೆ ಹೆದರಿಕೆ. ಮುಂದೆ ಹೋದರೆ ಕಚ್ಚೀತು, ಹಿಂದೆ ಹೋದರೆ ಒದ್ದೀತು, ಪಕ್ಕದಲ್ಲಿ ನಿಂತರೆ ಒಂದೇ ಕಣ್ಣಲ್ಲಿ ದುರುಗುಟ್ಟಿ ನೋಡುತ್ತದೆ. ಅಂಥದ್ದರಲ್ಲಿ ಜೆ.ಪಿ. ನಗರದ ನಮ್ಮ ಮನೆಯೆದುರಿನ ಖಾಲಿ ಸೈಟಿಗೆ ಒಂದು ಬಿಳಿ ಕುದುರೆ ಮೇಯಲು ಬರತೊಡಗಿತು. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆ. ಮುಹೂರ್ತವಿಲ್ಲದ ದಿನಗಳಲ್ಲಿ ಮಾಲೀಕ ಬಾಬಣ್ಣ ಅದನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದ.

“ಕಂಡಿದ್ದಕ್ಕೆಲ್ಲ ಬಾಯಿ ಹಾಕತ್ತೆ, ಸ್ವಲ್ಪ ಓಡಿಸ್ರೀ,” ಎಂದಳು ಹೆಂಡತಿ ವಸುಧಾ. ಓಡಿಸಬೇಕಾದರೆ ಹತ್ತಿರ ಹೋಗಬೇಕು. ಆದ್ದರಿಂದ ಕುರ್ಚಿ ಬಿಟ್ಟೇಳದೆ, “ತಮ್ಮ ದೇಹಕ್ಕೆ ಏನು ಬೇಕು ಅಂತ ಪ್ರಾಣಿಗಳಿಗೆ ಹುಟ್ಟಿನಿಂದಲೇ ಗೊತ್ತಿರತ್ತೆ ಕಣೆ. ನಾವು ತಲೆ ಹಾಕಬಾರದು,” ಎಂದೆ. ಅಷ್ಟರಲ್ಲಿ ಕುದುರೆ ಬಂದು, ಎಲ್ಲರ ಕೈಬೆವರು ಹತ್ತಿದ್ದ ನಮ್ಮ ಗೇಟನ್ನು ನೆಕ್ಕಿತು. “ನೋಡು, ಉಪ್ಪು ಬೇಕಾಗಿದೆ ಅದಕ್ಕೆ!” ಎಂದು ಬೀಗಿದೆ. ಸಿದ್ಧಾಂತ ಎಷ್ಟು ರುಚಿಸಿತೆಂದರೆ, ಸಕ್ಕರೆ ಕಾಯಿಲೆಯ ನಾನು, ದೇಹವೇ ಕೇಳುತ್ತಿದೆ ಎಂದುಕೊಂಡು ಮೈಸೂರು ಪಾಕಿನ ಡಬ್ಬಕ್ಕೂ ಕೈ ಹಾಕತೊಡಗಿದೆ.

ದೇವರಿಗೇರಿಸಿದ ಹೂವನ್ನು ನಾವು ಕಸದ ಗಾಡಿಗೆ ಹಾಕುವುದಿಲ್ಲ; ಯಾರೂ ತುಳಿಯದಿರಲೆಂದು ಸೈಟಿನ ಮೂಲೆಯ ಹೊಂಗೆ ಮರದ ಬುಡಕ್ಕೆ ಹಾಕುತ್ತೇವೆ. ಅಂದು ಬೆಳಿಗ್ಗೆ ಬಾಡಿದ ಗರಿಕೆಯನ್ನೂ ಎಲೆಸಮೇತ ಕಣಗಿಲೆಯನ್ನೂ ಹಾಕಿ ಬಂದಿದ್ದೆ. ಕಾಫಿ ಕುಡಿಯುತ್ತ ನೋಡಿದರೆ ಕುದುರೆಯ ಮೂತಿ ಅದರಲ್ಲೇ ಇದೆ!

“ಅಯ್ಯೋ, ಕಣಗಿಲೆ ವಿಷ ಅಲ್ವೇನ್ರೀ?” ಎಂದಳು ವಸುಧಾ.

ಮೂಕಪ್ರಾಣಿ ಸತ್ತರೆ ಬಾಬಣ್ಣನಿಗೆ ಯಾವ ಮುಖ ತೋರಿಸಲಿ? ಪಶುವೈದ್ಯನಾಗಿರುವ ಅವಳ ತಮ್ಮನಿಗೆ ಫೋನು ಮಾಡಿ, “ಗೇಟು ನೆಕ್ಕಿ ಉಪ್ಪು ಹುಡುಕೋ ಕುದುರೆಗೆ ಕಣಗಿಲೆ ತಿನ್ನಬಾರದು ಅಂತಲೂ ಗೊತ್ತಾಗತ್ತಲ್ವೇನಪ್ಪ?” ಎಂದು ಅಂಗಲಾಚಿದೆ.

“ಉಪ್ಪಿನ ಆಸೆಯೊಂದು ನಿಜ ಭಾವ. ಮಿಕ್ಕಿದ್ದು ಬಾಯಿಗೆ ಸಿಕ್ಕಿದ್ದೇ ಊಟ. ಬಾಡಿದ ಕಣಗಿಲೆ ಸ್ವಲ್ಪ ಹೊಟ್ಟೆಗೆ ಹೋದ್ರೂ ಕಷ್ಟ. ಮೊದಲು ಅಲ್ಲಿಂದ ಈಚೆಗೆ ಕರ್ಕೊಳ್ಳಿ, ನಾನು ಬರ್ತಿದ್ದೀನಿ!”

ಕಲ್ಲುಪ್ಪನ್ನು ಮುಷ್ಟಿಯಲ್ಲಿ ಹಿಡಿದು ಗೇಟು ದಾಟಿದೆ. ನೆನಪಿಗೆ ಬಂದ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ. “ಬಾರಪ್ಪ” ಎಂದು ಮುಷ್ಟಿ ಬಿಚ್ಚಿ ಕೈ ಚಾಚಿದೆ. ಕುದುರೆ ತಲೆಯೆತ್ತಿತು, ಮೂಸಿತು, ನನ್ನತ್ತಲೇ ನಡೆದು ಬಂತು. ಓಡಿದರೆ ಅದು ಮತ್ತೆ ಕಣಗಿಲೆಗೆ ಹೋದೀತು. ನಿಂತರೆ ನನ್ನ ಬೆರಳು ಹೋದಾವು. ಕಣ್ಣು ಮುಚ್ಚಿ ನಿಂತೆ. ಒರಟು ನಾಲಿಗೆ ಅಂಗೈ ಮೇಲೆ ಹರಿದಾಡಿತು. ಅತ್ತ ವಸುಧಾ ಹೂವನ್ನೆಲ್ಲ ಬಕೆಟ್ಟಿಗೆ ಬಾಚಿ, “ಗರಿಕೆ ಮಾತ್ರ ತಿಂದಿದೆ ಕಣ್ರೀ, ಕಣಗಿಲೆ ಮುಟ್ಟಿಲ್ಲ!” ಎಂದು ಕೂಗಿದಳು.

“ನಾನು ಹೇಳಲಿಲ್ವಾ, ಅದಕ್ಕೆ ಗೊತ್ತು!” ಎಂದೆ, ಕಣ್ಣು ಮುಚ್ಚಿಕೊಂಡೇ.

ಆಮೇಲೆ ಬಂದ ಭಾವಮೈದುನ ಕುದುರೆಯ ಎದೆಬಡಿತ ನೋಡಿ ನಕ್ಕ. “ಗರಿಕೆ ಮೇಲಿತ್ತು, ಬದುಕಿಕೊಂಡಿತು. ಇದರ ಎದೆ ಸರಿಯಾಗಿದೆ ಭಾವ. ನಿಮ್ಮದೇ ಜೋರಾಗಿ ಹೊಡ್ಕೊಳ್ತಿದೆ.”

ಸಂಜೆ ತಿಂಡಿಗೆ ವಸುಧಾ ಹಾಗಲಕಾಯಿ ಗೊಜ್ಜು ತಂದಿಟ್ಟಳು. ಮೈಸೂರು ಪಾಕಿನ ಡಬ್ಬ ಎಲ್ಲೂ ಕಾಣಲಿಲ್ಲ. “ಏನ್ರೀ, ನಿಮ್ಮ ದೇಹ ಏನು ಕೇಳ್ತಿದೆ?” ಎಂದಳು, ಕಣ್ಣು ಮಿಟುಕಿಸದೆ.

ದೇಹ ಏನು ಕೇಳುತ್ತಿತ್ತೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಕುದುರೆಯ ಮುಂದೆ ಕೈ ಚಾಚಿದ ನನಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. “ಹಾಗಲಕಾಯಿ,” ಎಂದೆ.