ಗಾಡಿಗೆ ಚಳಿಯಾದೀತೆಂದು

ನೋಡಿ, ಮತ್ತೆ ಎಬ್ಬಿಸಿದರು. ಇದನ್ನು ಬರೆಯಲು ಕೂತಿದ್ದು ಇದು ಮೂರನೇ ಸಲ. ಮೊದಲು ತೊಟ್ಟಿಲಲ್ಲಿ ಚಿಕ್ಕವನು ಎದ್ದ. ಆಮೇಲೆ ಸೊಪ್ಪಿನವಳು ಗೇಟು ಬಡಿದಳು. ಈಗ ನಮ್ಮ ಯಜಮಾನರು, "ನನ್ನ ಇನ್ನೊಂದು ಕಾಲುಚೀಲ ಎಲ್ಲೇ?" ಅಂತ. ಕಾಲು ಅವರದು, ಕಾವಲು ನನ್ನದು. ನೈರೋಬಿಗೆ ಬಂದು ಏಳು ವರ್ಷವಾಯಿತು, ನಮ್ಮ ಮನೆಯಲ್ಲಿ ನಡೆಯುವುದೆಲ್ಲ ಹೀಗೇ. ಯಾರೋ ಏನನ್ನೋ ಹುಡುಕುತ್ತಾರೆ, ಅದು ಇರಬಾರದ ಜಾಗದಲ್ಲಿ ಸಿಗುತ್ತದೆ, ಕೊನೆಗೆ ಎಲ್ಲರೂ ತಿರುಗಿ ನನ್ನ ಮುಖ ನೋಡುತ್ತಾರೆ. ಆ ಬಿಳಿ ಗಾಡಿ ನಮ್ಮ ಕಾಂಪೌಂಡಿನಲ್ಲಿ ನಿಂತಿದ್ದ ಮೂರು ತಿಂಗಳಂತೂ ಇದೇ ಆಯಿತು.

ಎರಡು ಹಾಳೆ, ಒಬ್ಬ ಡಿಪ್ಲೊಮಾ

ನಮ್ಮವರು ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮೈಸೂರಿನಲ್ಲಿ ಡಿಪ್ಲೊಮಾ ಮಾಡಿದವರು. ಅದನ್ನು ನಾನು ಮರೆತರೂ ಅವರು ಮರೆಯಗೊಡುವುದಿಲ್ಲ.

ಒಂದು ಜೂನ್ ತಿಂಗಳಲ್ಲಿ ಯುರೋಪಿನವರೊಬ್ಬರು ಮರಳುಗಾಡನ್ನೆಲ್ಲ ದಾಟಿ ಒಂದು ಗಾಡಿ ಓಡಿಸಿಕೊಂಡು ಬಂದರು. ಗಾಡಿ ಅನ್ನುವುದಕ್ಕಿಂತ ಚಕ್ರದ ಮೇಲೊಂದು ಮನೆ ಅನ್ನಬೇಕು. ಒಳಗೆ ಹಾಸಿಗೆ, ಒಲೆ, ಕೈ ತೊಳೆಯುವ ಬೇಸಿನ್ನು ಎಲ್ಲ ಇತ್ತು. ಹೊರಗೆ ಪಕ್ಕದಲ್ಲಿ ಎರಡು ಡಿಕ್ಕಿ. ಒಂದರಲ್ಲಿ ಹಗ್ಗ, ಗುದ್ದಲಿ, ಮಡಿಸುವ ಕುರ್ಚಿಗಳು. ಇನ್ನೊಂದರಲ್ಲಿ ನೀರಿನ ಟ್ಯಾಂಕು, ಅದರ ಪಂಪು. ಅವರು ಮೂರು ತಿಂಗಳು ವಿಮಾನದಲ್ಲಿ ಊರಿಗೆ ಹೋಗಿಬರಬೇಕಿತ್ತು. "ನೋಡಿಕೊಳ್ಳುವುದು ಹೇಗೆ ಅನ್ನುವುದೆಲ್ಲ ಇದರಲ್ಲಿದೆ" ಎಂದು ಗಾಡಿಯ ಕಾಗದಗಳನ್ನು ಕೊಟ್ಟು ಹೊರಟರು.

ಗ್ಯಾರೇಜಿನಲ್ಲಿ ಜಾಗವಿರಲಿಲ್ಲ. ಕಿಲೆಲೆಶ್ವಾದ ನಮ್ಮ ಬಾಡಿಗೆ ಮನೆಯ ಕಾಂಪೌಂಡು ದೊಡ್ಡದು, ಗಾಡಿ ಅಲ್ಲಿಗೆ ಬಂತು. ಗ್ಯಾರೇಜಿನ ಮಾಲೀಕರು ಇವರಿಗೆ ಹೇಳಿದ್ದರು: "ಅವರ ಹತ್ತಿರ ಇಂಥವು ಇನ್ನೂ ನಾಲ್ಕಿವೆ. ಅವರು ಮೆಚ್ಚಿದರೆ ಅಷ್ಟೂ ನಮ್ಮಲ್ಲಿಗೆ ಬರುತ್ತವೆ, ನೀನೇ ಫೋರ್‌ಮನ್. ಏನಾದರೂ ಕೆಟ್ಟಿತೋ, ನೀನು ಬೇರೆ ಗ್ಯಾರೇಜು ನೋಡಿಕೋ."

ಆ ಮಾತು ಕೇಳಿದ ಮೇಲೆ ಇವರು ಕಾಗದವನ್ನು ಮಂತ್ರದ ಹಾಗೆ ಓದಿದರು. ಚಳಿಗಾಲದಲ್ಲಿ ಸಾಮಾನಿನ ಡಿಕ್ಕಿ, ನೀರಿನ ಡಿಕ್ಕಿ ಎರಡನ್ನೂ ಬೆಚ್ಚಗಿಡಬೇಕು. ಒಳಗೊಂದು ಸಣ್ಣ ಬಲ್ಬು ಉರಿಸಬೇಕು. ಪೈಪುಗಳಿಗೆ ಬಟ್ಟೆ ಸುತ್ತಬೇಕು. ಬಾಗಿಲು ಪದೇಪದೇ ತೆಗೆಯಬಾರದು. ದಿನಾ ಬೆಳಗ್ಗೆ ಥರ್ಮಾಮೀಟರ್ ನೋಡಬೇಕು.

"ಜೂನ್, ಜುಲೈ, ಆಗಸ್ಟು! ಸರಿಯಾಗಿ ಇಲ್ಲಿಯ ಚಳಿಗಾಲಕ್ಕೇ ಬಂದಿದೆ" ಎಂದು ಇವರು ಮಂಕಿ ಕ್ಯಾಪು ಹಾಕಿಕೊಂಡು ಎದ್ದರು. ಅಡುಗೆಮನೆಯ ಕಿಟಕಿಯಿಂದ ವೈರು ಎಳೆದರು. ಮಗುವಿನ ಹಾಲಿನಪುಡಿಯ ಎರಡು ಖಾಲಿ ಡಬ್ಬಕ್ಕೆ ತೂತು ಹೊಡೆದು, ಒಂದೊಂದರೊಳಗೂ ಒಂದೊಂದು ಬಲ್ಬು ಕೂರಿಸಿ, ಡಿಕ್ಕಿಗೊಂದರಂತೆ ಇಟ್ಟರು. ಪೈಪಿಗೆ ನನ್ನ ಉಣ್ಣೆ ಶಾಲು ಸುತ್ತಿದರು.

ಕಾಗದ ಎರಡು ಹಾಳೆಯದು. ಇವರು ಮೊದಲನೆಯದನ್ನು ಓದಿ ಎದ್ದಿದ್ದರು. ನಾನು ಎರಡನೆಯದನ್ನು ಎತ್ತಿಕೊಂಡೆ. "ಸ್ವಲ್ಪ ಇಲ್ಲಿ ನೋಡಿ" ಎಂದೆ.

"ಇದು ಇಂಜಿನಿಯರಿಂಗ್ ಕಣೇ. ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ಎಟುಕುವುದಲ್ಲ."

ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲೇ ಒಂದೊಂದಕ್ಷರ ಕೂಡಿಸಿ ಓದಿದೆ. ನೀರು ಹೆಪ್ಪುಗಟ್ಟದ ಊರಿನಲ್ಲಿ ಮೇಲೆ ಹೇಳಿದ ಯಾವುದೂ ಬೇಕಿಲ್ಲ ಎಂದು ಬರೆದಿತ್ತು. ನೈರೋಬಿಯ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ನಿಜ. ನಲ್ಲಿ ನೀರು ಗಟ್ಟಿಯಾಗಿದ್ದನ್ನು ಯಾರೂ ಕಂಡಿಲ್ಲ.

ಎಟುಕುವುದಿಲ್ಲ ಎಂದ ಮೇಲೆ ನನಗೇಕೆ? ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಇವರು ನನ್ನ ಇನ್ನೊಂದು ಶಾಲು ಕೇಳಿದರು. ಅದನ್ನೂ ಕೊಟ್ಟೆ.

ಉಬ್ಬಿದ್ದು ಯಾರು

ರಾತ್ರಿಗೆ ಇವರಿಗೆ ನಿಜ ಹೇಳೋಣ ಅಂತಲೇ ಇದ್ದೆ. ಸಿಟ್ಟು ಅಷ್ಟು ಹೊತ್ತು ನಿಲ್ಲುವುದಿಲ್ಲ ನನಗೆ. ಆದರೆ ಮಧ್ಯೆ ಇಡ್ಲಿ ಹಿಟ್ಟು ಬಂತು.

ಇಲ್ಲಿಯ ಚಳಿಯಲ್ಲಿ ಹಿಟ್ಟು ಹುದುಗುವುದಿಲ್ಲ. ಒಲೆಯ ಪಕ್ಕ ಇಟ್ಟು ನೋಡಿದ್ದೆ, ಕಂಬಳಿ ಹೊದಿಸಿ ನೋಡಿದ್ದೆ. ಮಗುವಿಗಿಂತ ಹೆಚ್ಚು ಸಲ ಎದ್ದು ಅದನ್ನೇ ನೋಡಿದ್ದೆ. ಬೆಳಗ್ಗೆ ನೋಡಿದರೆ ಹಿಂದಿನ ದಿನದ ಹಾಗೇ ಸಪ್ಪೆ ಮುಖ. ಆ ಇಡ್ಲಿಯನ್ನು ಇವರು ತಟ್ಟೆಗೆ ಟಣ್ಣನೆ ಕುಟ್ಟಿ, "ಇದನ್ನು ಗೇಟಿನ ಅಸ್ಕಾರಿಗೆ ಕೊಡು, ಕಳ್ಳ ಬಂದರೆ ಎಸೆಯಲಿ" ಎಂದಿದ್ದರು. ಅಸ್ಕಾರಿ ಎಂದರೆ ಇಲ್ಲಿ ಕಾವಲುಗಾರ.

ಆವತ್ತು ಸಾಯಂಕಾಲ ಬಲ್ಬು ಉರಿಯುತ್ತಿದೆಯೋ ನೋಡಲು ಸಾಮಾನಿನ ಡಿಕ್ಕಿಗೆ ಕೈ ಹಾಕಿದೆ. ಅಯ್ಯೋ, ಏಪ್ರಿಲ್ ತಿಂಗಳ ಮೈಸೂರು! ಅಲ್ಲೇ ನಿಂತು ಒಂದು ನಿಮಿಷ ಯೋಚಿಸಿದೆ. ಎರಡನೇ ನಿಮಿಷಕ್ಕೆ ಹಿಟ್ಟಿನ ಪಾತ್ರೆ ಒಳಗಿತ್ತು. ಕುರ್ಚಿಗೆ ಕಲೆಯಾಗಬಾರದು ನೋಡಿ, ಅದಕ್ಕೆ ಜೇಬಿನಲ್ಲಿದ್ದ ಆ ಹಾಳೆಯನ್ನು ಬಿಡಿಸಿ ಪಾತ್ರೆಯ ಅಡಿಗೆ ಹಾಸಿದೆ.

ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತಿ ನನ್ನನ್ನು ನೋಡುತ್ತಿತ್ತು. ಇವರು ಒಂಬತ್ತು ಇಡ್ಲಿ ತಿಂದು, "ನೀನೂ ಕಲಿತೆ ನೋಡು" ಎಂದು ಬೆನ್ನು ತಟ್ಟಿದರು. ಇನ್ನು ಹೇಳುವುದೆಲ್ಲಿ ಬಂತು? ಮೊದಲು ಮುಚ್ಚಿಟ್ಟಿದ್ದು ಸಿಟ್ಟಿಗೆ, ಆಮೇಲೆ ಹಿಟ್ಟಿಗೆ. ಬಲ್ಬು ಆರಿದರೆ ಮತ್ತೆ ಕಲ್ಲೇ ಗತಿ. ಆ ಡಿಕ್ಕಿಯನ್ನು ಇವರು ತೆಗೆಯುತ್ತಲೂ ಇರಲಿಲ್ಲ. ಪದೇಪದೇ ತೆಗೆಯಬಾರದು ಎಂದು ಕಾಗದದಲ್ಲಿತ್ತಲ್ಲ.

ಒಂದು ವಾರ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಮಂಗಳೂರಿನ ಆಂಟಿಯೊಬ್ಬರಿದ್ದಾರೆ, ಟೀಚರ್ ಆಗಿದ್ದವರು, ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಅವರ ಮೂಗಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ.

"ಎಂತ ಮಾರಾಯ್ತಿ, ನಿಮ್ಮ ಗಾಡಿ ಹುಳಿ ಹುಳಿ ವಾಸನೆ ಬರ್ತದಲ್ಲ?"

ನಾನು ಎಲ್ಲ ಹೇಳಿಬಿಟ್ಟೆ, ಎರಡನೇ ಹಾಳೆಯ ಸಮೇತ. ಆಂಟಿ ಗಂಭೀರವಾಗಿ ತಲೆಯಾಡಿಸಿದರು. "ಗಂಡನಿಗೆ ಸುಳ್ಳು ಹೇಳುವುದು ಪಾಪ. ಆದರೆ ಕೇಳದಿದ್ದರೆ ನಾವಾಗಿ ಹೇಳಬೇಕು ಅಂತ ಎಲ್ಲಿಯೂ ಬರೆದಿಲ್ಲ." ಆಮೇಲೆ ಗಾಡಿಯತ್ತ ಬಾಗಿ, "ಆ ನೀರಿನ ಡಿಕ್ಕಿಯಲ್ಲಿ ಜಾಗ ಉಂಟಾ? ನಾನು ಸನ್ನಾ ಮಾಡದೆ ಎಷ್ಟು ದಿನ ಆಯ್ತು!"

ಸನ್ನಾ ಅಂದರೆ ಅವರ ಇಡ್ಲಿ. ಊರಲ್ಲಾದರೆ ಕಳ್ಳು ಹಾಕಿ ಉಬ್ಬಿಸುತ್ತಾರಂತೆ, ಇಲ್ಲಿ ಬಲ್ಬು ಸಾಕಾಯಿತು. ಬೆಳಗ್ಗೆ ಏಳಕ್ಕೆ ಇವರು ನೀರಿನ ಡಿಕ್ಕಿ ಪರೀಕ್ಷೆ ಮಾಡಿ ಕೆಲಸಕ್ಕೆ ಹೋಗುವುದು, ಏಳೂವರೆಗೆ ಆಂಟಿಯ ಪಾತ್ರೆ ಒಳಗೆ ಹೋಗುವುದು, ಸಾಯಂಕಾಲ ಇವರು ಬರುವ ಮೊದಲು ಹೊರಗೆ. ಮಗುವಿನ ಒಣಗದ ಬಟ್ಟೆಗಳನ್ನೂ ನಮ್ಮ ಮನೆಗೆಲಸದ ಆಯಾ ತಂದು ನನ್ನ ಡಿಕ್ಕಿಯಲ್ಲಿ ಹರವತೊಡಗಿದಳು. ಹದಿನೈದು ದಿನದಲ್ಲಿ ಆ ಗಾಡಿಯಲ್ಲಿ ಗಾಡಿಯವರ ಸಾಮಾನಿಗೇ ಜಾಗ ಸಾಲದಾಯಿತು.

ಗಾಡಿಗೆ ಜ್ವರ

ಥರ್ಮಾಮೀಟರ್ ನೋಡಬೇಕು ಎಂದು ಕಾಗದ ಹೇಳಿತ್ತಲ್ಲ, ಇವರು ಮನೆಯಲ್ಲಿದ್ದುದನ್ನೇ ನೀರಿನ ಡಿಕ್ಕಿಯಲ್ಲಿಟ್ಟರು. ಜ್ವರ ನೋಡುವುದನ್ನು. ದಿನಾ ಬೆಳಗ್ಗೆ ನೋಡಿ ಪುಸ್ತಕದಲ್ಲಿ ಬರೆಯುವರು: ತೊಂಬತ್ತೆಂಟು. ಮಾರನೇ ದಿನವೂ ತೊಂಬತ್ತೆಂಟು. ಇಪ್ಪತ್ತು ದಿನ ಕಳೆದರೂ ತೊಂಬತ್ತೆಂಟು.

"ಒಂದು ಕೂದಲೆಳೆ ಆಚೀಚೆ ಆಗಿಲ್ಲ. ಇದಕ್ಕೆ ಕೆಲಸ ಅನ್ನುವುದು!" ಎಂದು ಮಗಳಿಗೆ ತೋರಿಸಿದರು. ಮಗಳು ಒಂದನೇ ಕ್ಲಾಸು. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವೆರಿ ಗುಡ್, ಅಪ್ಪ" ಎಂದಳು.

ಆ ಥರ್ಮಾಮೀಟರನ್ನು ಝಾಡಿಸದಿದ್ದರೆ ಪಾದರಸ ಏರಿದಲ್ಲೇ ನಿಂತಿರುತ್ತದೆ. ಮಕ್ಕಳಿಗೆ ಜ್ವರ ಬಂದಾಗ ಒಂದು ಸಲವಾದರೂ ಕೈಯಲ್ಲಿ ಹಿಡಿದಿದ್ದರೆ ಇವರಿಗೂ ಗೊತ್ತಿರುತ್ತಿತ್ತು.

ಒಂದು ಬೆಳಗ್ಗೆ ಚಿಕ್ಕವನ ಮೈ ಬಿಸಿಯಾಗಿತ್ತು. ಡಿಕ್ಕಿಯಿಂದ ಥರ್ಮಾಮೀಟರ್ ತಂದು ನೋಡಿದೆ, ನೂರಾ ಎರಡು. ಒರೆಸಿ ವಾಪಸ್ಸು ಇಟ್ಟುಬಂದೆ. ಏಳು ಗಂಟೆಗೆ ಅಂಗಳದಲ್ಲಿ ಒಂದು ಕೂಗು.

"ಬೆಂಕಿ ಬೀಳುತ್ತೆ ಕಣೇ! ನೂರಾ ಎರಡು! ಟ್ಯಾಂಕು ಕರಗುತ್ತೆ!"

ಆವತ್ತಿನ ಮಟ್ಟಿಗೆ ಬಲ್ಬು ಕಿತ್ತರು, ಶಾಲು ಬಿಚ್ಚಿದರು, ಟವೆಲು ಬೀಸಿ ಗಾಳಿ ಹಾಕಿದರು. ನಾನು ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು, ಹಣೆಗೆ ಇಡುವ ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಬಂದೆ.

ಇವರು ಕೈ ಚಾಚಿ, "ಒಳ್ಳೇ ಸಮಯಕ್ಕೆ ತಂದೆ, ಕೊಡು" ಎಂದು ಆ ಬಟ್ಟೆಯನ್ನು ಟ್ಯಾಂಕಿನ ಮೇಲೆ ಹಾಕಿದರು.

ನಂಬಿಕಸ್ಥ

ನಮ್ಮ ಅಸ್ಕಾರಿ ವಯಸ್ಸಾದವನು. ಮೊದಲೆಲ್ಲ ಗೇಟಿನ ಹತ್ತಿರ ಕೂರುತ್ತಿದ್ದವನು, ಗಾಡಿ ಬಂದ ಮೇಲೆ ಅದನ್ನು ಬಿಟ್ಟು ಕದಲಲಿಲ್ಲ. ಯಾವಾಗ ನೋಡಿದರೂ ಸಾಮಾನಿನ ಡಿಕ್ಕಿಗೆ ಬೆನ್ನು ಕೊಟ್ಟು ಕೂತಿರುವನು. ಇವರಿಗೆ ಕಣ್ಣು ತುಂಬಿ ಬಂತು. "ನೋಡು, ಪರರ ಸೊತ್ತು ಕಾಯುವುದು ಅಂದರೆ ಹೀಗೆ. ಇವನಿಗೆ ದಿನಾ ಎರಡು ಇಡ್ಲಿ ಕೊಡು" ಎಂದರು.

ಇಡ್ಲಿ ಒಯ್ದು ಕೊಟ್ಟಾಗ ಅವನು ನನ್ನ ಕಡೆ ಬಾಗಿ ಮೆಲ್ಲಗೆ, "ಮಾಮಾ, ಬರಿದಿ ಸಾನಾ" ಎಂದ. ಅಮ್ಮಾ, ಬಲು ಚಳಿ ಅಂತ. ಆಮೇಲೆ ಡಿಕ್ಕಿಯನ್ನು ತಟ್ಟಿ ತೋರಿಸಿ, ಇನ್ನೂ ದೊಡ್ಡ ಬಲ್ಬು ಹಾಕಿಸಲು ಆಗುತ್ತದೆಯೇ ಎಂದು ಕೇಳಿದ. ಬೆನ್ನಿಗೆ ಒಂದೇ ಕಡೆ ಬಿಸಿ ತಾಗುತ್ತದಂತೆ.

ಒಂದು ವಾರ ಮುಂಚೆ

ಗಾಡಿಯವರು ಬರುವುದು ಮುಂದಿನ ವಾರ ಎಂದಿತ್ತು. ಒಂದು ಶನಿವಾರ ಮಧ್ಯಾಹ್ನ ಎಂಬಕಸಿಯ ಏರ್‌ಪೋರ್ಟಿನಿಂದ ಸೀದಾ ಟ್ಯಾಕ್ಸಿಯಲ್ಲಿ ಬಂದು ಗೇಟಿನಲ್ಲಿ ಇಳಿದರು.

ಮರುದಿನ ಎಂಟು ಜನ ನೆಂಟರಿಗೆಂದು ನಾನು ದೊಡ್ಡ ಪಾತ್ರೆಯ ತುಂಬ ಹಿಟ್ಟು ರುಬ್ಬಿ ಬೆಳಗ್ಗೆಯೇ ಡಿಕ್ಕಿಯಲ್ಲಿಟ್ಟಿದ್ದೆ. ಇವರು ಮನೆಯಲ್ಲೇ ಇದ್ದರೂ ಮಲಗಿದ್ದಾರೆಂದು ಆಂಟಿಯೂ ತಮ್ಮದನ್ನು ಇಟ್ಟಿದ್ದರು. ಮೇಲಿನ ಕಿಟಕಿಯಲ್ಲಿ ಅವರು ಶಿಲುಬೆಯ ಗುರುತು ಮಾಡಿಕೊಳ್ಳುವುದು ಕಾಣಿಸಿತು.

"ಮೊದಲು ಕಾಫಿ ಕುಡಿಯಲಿ" ಎಂದೆ.

"ಕಾಫಿ ಆಮೇಲೆ" ಎಂದು ಇವರು ಎದೆಯುಬ್ಬಿಸಿ ನಡೆದರು. "ಸರ್, ನಿಮ್ಮ ಕಾಗದದಲ್ಲಿ ಇದ್ದ ಹಾಗೆ ಒಂದು ದಿನ ತಪ್ಪಿಲ್ಲ. ನೀವೇ ನೋಡಿ." ನೀರಿನ ಡಿಕ್ಕಿ ತೆಗೆದರು.

ಆಂಟಿಯ ಹಿಟ್ಟು ಮುಚ್ಚಳ ತಳ್ಳಿಕೊಂಡು ಪಂಪಿನ ಮೇಲೆ ಇಳಿಯುತ್ತಿತ್ತು. ಇವರು ಏನೂ ತೋಚದೆ ಪಕ್ಕದ ಡಿಕ್ಕಿಯನ್ನೂ ತೆಗೆದರು. ಅಲ್ಲಿ ಹಗ್ಗದ ಮೇಲೆ ಮಗುವಿನ ಹನ್ನೆರಡು ಬಟ್ಟೆ. ಅದರ ಕೆಳಗೆ ನನ್ನ ಪಾತ್ರೆ, ನಾಲ್ಕೂ ಕಡೆ ಸುರಿಯುತ್ತ. ಇವರ ಮುಖ ನೋಡಿದೆ. ಫೋರ್‌ಮನ್ ಕೆಲಸ ಆ ಹಿಟ್ಟಿನ ಜೊತೆ ಇಳಿದುಹೋಗುವುದು ಅವರ ಕಣ್ಣಿಗೆ ಕಾಣುತ್ತಿತ್ತು. ಹಠ ನನ್ನದು, ಹೋಗುವುದು ಅವರ ಕೆಲಸ.

"ಬಲ್ಬು ಯಾಕೆ?" ಎಂದು ಕೇಳಿದರು ಗಾಡಿಯವರು.

"ಚಳಿಗಾಲ, ಸರ್. ಕಾಗದದಲ್ಲಿ..."

"ಎರಡನೇ ಹಾಳೆ ಓದಲಿಲ್ಲವೇ?"

"ಎರಡನೇ ಹಾಳೆ ಇಲ್ಲವೇ ಇಲ್ಲ, ಸರ್."

ಕುರ್ಚಿ ಹಾಳಾದೀತೆಂದು ಗಾಡಿಯವರು ನನ್ನ ಪಾತ್ರೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದರು. ಅದರ ತಳಕ್ಕೆ ಅಂಟಿಕೊಂಡು ಎರಡನೇ ಹಾಳೆಯೂ ಮೇಲೆ ಬಂತು. ಮೂರು ತಿಂಗಳ ಪಾತ್ರೆಯ ಗುರುತು ಅದರ ಮೇಲೆ ಬಳೆಯ ಹಾಗೆ ಮೂಡಿತ್ತು. ಅವರು ಅದನ್ನು ಬಿಡಿಸಿ, ಮೊದಲ ಸಾಲನ್ನು ಜೋರಾಗಿ ಓದಿದರು. ಇವರು ತಿರುಗಿ ನನ್ನ ಮುಖ ನೋಡಿದರು. ನಾನು ಆಂಟಿಯ ಕಿಟಕಿ ನೋಡಿದೆ. ಕಿಟಕಿ ಮುಚ್ಚಿಕೊಂಡಿತು.

ಗಾಡಿಯವರು ಡಿಕ್ಕಿಯೊಳಗೆ ತಲೆ ಹಾಕಿದರು. ಗೋಡೆ ಮುಟ್ಟಿದರು, ಮೂಸಿದರು, ಹಗ್ಗ ಹಿಸುಕಿದರು. ಹೊರಗೆ ಬಂದು ನಗತೊಡಗಿದರು. ಹೋದ ವರ್ಷ ಅವರ ಇನ್ನೊಂದು ಗಾಡಿ ಇದೇ ತಿಂಗಳುಗಳಲ್ಲಿ ಇಲ್ಲಿ ಬೇರೆ ಕಡೆ ನಿಂತಿತ್ತಂತೆ. ಈ ಮೋಡ, ಈ ತೇವಕ್ಕೆ ಒಳಗೆಲ್ಲ ಬೂಷ್ಟು ಹಿಡಿದು ಹಗ್ಗ, ಕುರ್ಚಿ ಎಲ್ಲ ಎಸೆದರಂತೆ. "ಇದು ಬಿಸ್ಕತ್ತಿನ ಹಾಗೆ ಒಣಗಿದೆ. ಮುಂದಿನ ವರ್ಷ ನಾಲ್ಕನ್ನೂ ಇವರ ಕೈಗೇ ಕೊಡುತ್ತೇನೆ" ಎಂದರು. ಆಮೇಲೆ ಕೂತು ಏಳು ಇಡ್ಲಿ, ನಾಲ್ಕು ಸನ್ನಾ ತಿಂದರು. ಸನ್ನಾ ಬಡಿಸಲು ಆಂಟಿ ಕರೆಯದೆಯೇ ಇಳಿದುಬಂದಿದ್ದರು.

ಅವರು ಹೋದ ಮೇಲೆ ಹೊಸ ಫೋರ್‌ಮನ್ನರು ನನ್ನೆದುರು ಬಂದು ನಿಂತರು. "ಆವತ್ತು ಇಲ್ಲಿ ನೋಡಿ ಅಂದಿದ್ದು ಈ ಹಾಳೆಯನ್ನೇ ಅಲ್ಲವೇ? ಮೊದಲ ದಿನವೇ ಓದಿದ್ದವಳು ಯಾಕೆ ಹೇಳಲಿಲ್ಲ?"

"ಹತ್ತನೇ ಕ್ಲಾಸಿಗೆ ಎಟುಕುವುದಿಲ್ಲ ಅಂದಿರಿ. ನನಗೇ ಅನುಮಾನ ಬಂತು, ತಪ್ಪಾಗಿ ಓದಿದೆನೋ ಏನೋ ಅಂತ."

ಇವರು ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. ನಾನು ಗೆದ್ದೆ ಎಂದುಕೊಂಡು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದೆ. ಮಗಳು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಒಂದು ಸಲ ಅಡುಗೆಮನೆಯ ಕಿಟಕಿಯನ್ನು, ಅಲ್ಲಿಂದ ಗಾಡಿಯವರೆಗೆ ಹೋಗಿದ್ದ ಉದ್ದದ ವೈರನ್ನು ನೋಡಿದಳು. ಆಮೇಲೆ ಅವಳ ಇಂಗ್ಲಿಷಿನಲ್ಲಿ ತಣ್ಣಗೆ ಕೇಳಿದಳು:

"ಅಮ್ಮಾ, ನಮ್ಮ ಅಡುಗೆಮನೆಯ ಕಪಾಟಿನೊಳಗೇ ಒಂದು ಬಲ್ಬು ಹಾಕಬಹುದಿತ್ತಲ್ಲ, ಯಾಕೆ ಹಾಕಲಿಲ್ಲ?"