‘ನಿಮ್ಮಪ್ಪನಿಗೆ ಹೇಳು’

ಅಪ್ಪ ಅಮ್ಮ ಆಡುವ ಮಾತಿನಿಂದ ಮಕ್ಕಳು ಕಲಿಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಅವರು ತಮ್ಮತಮ್ಮಲ್ಲಿ ಆಡದೆ ಬಿಟ್ಟ ಮಾತಿನಿಂದಲೂ ಕಲಿಯುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಐವತ್ತರ ದಶಕದಲ್ಲಿ ಅರಸೀಕೆರೆಯ ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ, ಜಗಳವಾಡಲು ಮಾತಾಡಬೇಕಲ್ಲ! ಅಪ್ಪ ರೈಲ್ವೆ ಗುಮಾಸ್ತರು. ಯಾವ ಕಾಲದ ಮುನಿಸೋ, ಕಾರಣ ಇಬ್ಬರಿಗೂ ಮರೆತು ಅಭ್ಯಾಸ ಮಾತ್ರ ಉಳಿದಿತ್ತು. ಅಡುಗೆಮನೆಯಿಂದ ಅಮ್ಮ, “ಸರೋಜಾ, ಮತ್ತೆ ಬಲಿತ ಬದನೆಕಾಯಿ ತಂದಿದಾರಲ್ಲ, ಕಣ್ಣು ಎಲ್ಲಿಟ್ಟಿದ್ರು ಅಂತ ನಿಮ್ಮಪ್ಪನ್ನ ಕೇಳು” ಎನ್ನುತ್ತಿದ್ದಳು. ನಾನು ಜಗಲಿಗೆ ಬಂದು, “ಬದನೆಕಾಯಿ ಚೆನ್ನಾಗಿದೆಯಂತೆ ಅಪ್ಪ” ಎನ್ನುತ್ತಿದ್ದೆ. ಅಪ್ಪ ಹಿಗ್ಗಿ ಮುಂದಿನ ಸಂತೆಯಲ್ಲೂ ಅದನ್ನೇ ಹೊತ್ತು ತರುತ್ತಿದ್ದರು. ವರ್ಷಗಟ್ಟಲೆ ಬದನೆಕಾಯಿ ತಿಂದೆವು, ಮನೆ ಮಾತ್ರ ಶಾಂತವಾಗಿತ್ತು.

ಎಲ್ಲರ ಮನಸ್ಸನ್ನೂ ಅರಿತ ಹುಡುಗಿ ಎಂದು ನೆರೆಯವರು ಹೊಗಳುತ್ತಿದ್ದರು. ಸ್ಕೂಲಿನಲ್ಲಿ ಗೆಳತಿಯರ ರಾಜಿಗೆ ನಾನೇ ಬೇಕು. ನನಗೇ ಯಾರ ಮೇಲಾದರೂ ಸಿಟ್ಟು ಬಂದರೆ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಜ್ವರ ಬರುತ್ತಿತ್ತು.

ಹೀಗಿರುವಾಗ ಬೇಲೂರಿನ ಮೇಷ್ಟರೊಬ್ಬರ ಸಂಬಂಧ ಬಂತು. ಎರಡೂ ಕಡೆಯವರಿಗೆ ಅನುಕೂಲವೆಂದು ಹಳೇಬೀಡಿನ ದೇವಸ್ಥಾನದಲ್ಲಿ ಹೆಣ್ಣು ನೋಡುವ ಏರ್ಪಾಡಾಯಿತು. ಹಿರಿಯರೆಲ್ಲ ಪ್ರದಕ್ಷಿಣೆಗೆ ಹೊರಟಾಗ ಮೇಷ್ಟರು, ಆ ಕಾಲಕ್ಕೆ ಯಾರೂ ಮಾಡದ ಕೆಲಸ ಮಾಡಿದರು. ನನ್ನನ್ನೇ ಕೇಳಿದರು.

“ನಿಮಗೆ ಒಪ್ಪಿಗೆಯೇನ್ರೀ?”

ನಗುವಾಗ ಅವರ ಕಣ್ಣುಗಳೂ ನಗುತ್ತಿದ್ದವು. ಹೂಂ ಎನ್ನುವುದು ಗಂಟಲವರೆಗೆ ಬಂದಿತ್ತು.

“ಅಪ್ಪನಿಗೆ ತುಂಬ ಇಷ್ಟ ಆಗಿದೆ. ಅಮ್ಮನಿಗೂ” ಎಂದೆ.

“ಅದಲ್ಲರೀ, ನಿಮಗೆ?”

“ನಿಮ್ಮ ತಾಯಿಗೆ ಕಾಲು ನೋಯ್ತಿರಬೇಕು. ಕೂತ್ಕೊಳ್ಳೋಕೆ ಹೇಳ್ಲಾ?”

ಅವರ ಮುಖ ಸಣ್ಣದಾಯಿತು. ಮತ್ತೆ ಕೇಳಲಿಲ್ಲ.

ವಾರ ಕಳೆಯುವುದರೊಳಗೆ ಹೇಳಿ ಕಳಿಸಿದರು: ಹುಡುಗಿಗೆ ಮನಸ್ಸಿದ್ದಂತಿಲ್ಲ, ಬಲವಂತ ಬೇಡ. ಅಂದು ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಮ್ಮನ ಮುಖವನ್ನೇ ನೋಡುತ್ತ, “ಇವಳಿಗೆ ಬಾಯೇ ಇಲ್ವಲ್ಲೇ. ಯಾರಿಂದ ಹೀಗಾಯ್ತು?” ಎಂದರು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇನ್ಯಾರಿಂದ ಕಣ್ರೀ, ನಮ್ಮಿಂದ್ಲೇ.”

ಅವರಿಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ‘ನನಗೆ ಅವರು ಒಪ್ಪಿಗೆ, ಇನ್ನೊಂದು ಸಲ ಬೇಲೂರಿಗೆ ಹೋಗಿ ಬನ್ನಿ’ ಎಂದುಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನೋ, ಪಾಪ, ಇಬ್ಬರೂ ಮಾತಾಡುತ್ತಿದ್ದಾರಲ್ಲ, ನಡುವೆ ಬಾಯಿ ಹಾಕುವುದು ಬೇಡವೆಂದು ಕೊಡ ಎತ್ತಿಕೊಂಡು ನೀರಿಗೆ ಹೋದೆ.

ಮುಂದಿನ ವರ್ಷ ಬಾಣಾವರದ ಸಂಬಂಧ ಬಂತು. ಆ ಹುಡುಗ ನನ್ನನ್ನು ಏನೂ ಕೇಳಲಿಲ್ಲ. ಮದುವೆ ಸಲೀಸಾಗಿ ನಡೆಯಿತು.