ಗೌಡರು ಕೂತ ಕಡೆ

ಬಾಡಿಗೆ ಕಾರು ಓಡಿಸುವವನಿಗೆ ಬೈಸಿಕೊಳ್ಳುವುದು ನಿತ್ಯದ ಊಟ ಇದ್ದ ಹಾಗೆ. ಮಳೆ ಬಂದರೂ ತಪ್ಪು ನಂದೇ, ದನ ಅಡ್ಡ ಬಂದರೂ ನಂದೇ. ಆದರೆ ಅರವತ್ತರ ದಶಕದಲ್ಲಿ, ಸಾಗರದಲ್ಲಿ, ನನ್ನ ಹಳೇ ಕಾರು ಕುಲುಕೋಕೆ ಶುರು ಮಾಡಿದ ವರ್ಷ ತಿಂದ ಬೈಗುಳ ಇದೆಯಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಗುಂಡಿ ಹುಡುಕುವವನು

ನನ್ನ ಕಾಯಂ ಗಿರಾಕಿ ಒಬ್ಬರು ಗೌಡರು. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಹೊಸನಗರದ ರಸ್ತೆಯಲ್ಲಿ ಕಾರು ದಡ್ ಅಂದಾಗಲೆಲ್ಲ ಹಿಂದಿನ ಸೀಟಿನಿಂದ ಕೂಗುವರು: "ಎಂತದೋ ಇದು! ಗುಂಡಿ ಹುಡುಕಿ ಹುಡುಕಿ ಇಳಿಸ್ತೀಯಾ?"

"ಗುಂಡಿ ಎಲ್ಲಿತ್ತು ಗೌಡ್ರೇ? ರಸ್ತೆ ಸಪಾಟಾಗಿದೆ."

"ಹಾಗಾದ್ರೆ ನನ್ನ ಸೊಂಟ ಸುಳ್ಳು ಹೇಳ್ತದಾ?"

ಅಷ್ಟಕ್ಕೇ ಬಿಡಲಿಲ್ಲ. "ಮಗಳ ದಿಬ್ಬಣಕ್ಕೆ ಶಿವಮೊಗ್ಗದಿಂದ ಬೇರೆ ಕಾರು ತರಿಸ್ತೀನಿ. ನಿನ್ನ ಗಾಡೀಲಿ ಹೋದ್ರೆ ಅಳಿಯನ ಪೇಟ ಮಗಳ ತಲೆ ಮೇಲಿರ್ತದೆ" ಅಂದುಬಿಟ್ಟರು.

ನನಗೆ ಅಳುವೇ ಬಂತು. ಆ ಹುಡುಗಿಯನ್ನ ಮೊದಲ ದಿನ ಹೈಸ್ಕೂಲಿಗೆ ಬಿಟ್ಟು ಬಂದವನು ನಾನು. "ನನ್ನ ಮದುವೆಗೆ ನಿನ್ನ ಕಾರೇ ಆಗ್ಬೇಕು ಅಣ್ಣ" ಅಂತ ಅವಳೇ ಹೇಳಿದ್ದಳು. ಈಗ ಯಾವನೋ ಗುರುತಿಲ್ಲದ ಡ್ರೈವರು ಅವಳನ್ನ ಗಂಡನ ಮನೆಗೆ ಬಿಡೋದಾ? ಅವಳ ಮಾತನ್ನು ಗೌಡರಿಗೆ ನೆನಪು ಮಾಡಿದೆ.

"ಅವಳಿಗೇನು ಗೊತ್ತು? ಅವಳ ಸೊಂಟ ಇನ್ನೂ ಹೊಸದು" ಅಂದರು.

ಹೋಟೆಲಿನ ವೈದ್ಯರು

ಹೊಸನಗರದ ಹೋಟೆಲ್ ಮುಂದೆ ಕಾರು ನಿಲ್ಲಿಸಿ, ಕಾಫಿ ಕುಡೀತಾ ಕಷ್ಟ ತೋಡಿಕೊಂಡೆ. ಅದೇ ತಪ್ಪಾಯಿತು ನೋಡಿ. ದೋಸೆ ಅರ್ಧಕ್ಕೆ ಬಿಟ್ಟು ಎಲ್ಲರೂ ಎದ್ದು ಬಂದರು. ಹುಟ್ಟಿದಾಗಿಂದ ಎತ್ತಿನ ಗಾಡಿ ಬಿಟ್ಟು ಬೇರೆ ಹತ್ತದವರೂ! ಒಬ್ಬರು ಟಯರಿಗೆ ಗಾಳಿ ಜಾಸ್ತಿ ಅಂದರು, ಪಕ್ಕದವರು ಕಡಿಮೆ ಅಂದರು. ಇನ್ನೊಬ್ಬರು, "ಬಂಪರ್ ಒತ್ತಿ ಬಿಡ್ಬೇಕು ಮಾರಾಯ. ಕಾರು ಒಂದ್ಸಲ ಎದ್ದು ನಿಂತ್ರೆ ಸರಿ. ತೂಗ್ತಾನೇ ಇದ್ರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ" ಅಂದರು.

ಮಾತು ಸರಿಯೇ. ಆದರೆ ಒತ್ತೋಕೆ ಒಬ್ಬರು ಸಾಕಿತ್ತಲ್ಲ! ಇಡೀ ಹೋಟೆಲೇ ಬಂಪರ್ ಹತ್ತಿ ಕುಣಿಯಿತು.

ಶಾಕ್ ಅಬ್ಸಾರ್ಬರ್ ಹೋಗಿದೆಯೋ ಇಲ್ಲವೋ ತಿಳೀಲಿಲ್ಲ. ಬಂಪರ್ ಮಾತ್ರ ಹೋಯಿತು. ಅದನ್ನ ಹಗ್ಗದಲ್ಲಿ ಬಿಗಿದುಕೊಂಡು ಸಾಗರಕ್ಕೆ ಬಂದೆ.

ಮರ್ಯಾದೆಯ ಭಾರ

ಸಾಗರದ ಗ್ಯಾರೇಜ್ ಮೇಸ್ತ್ರಿ ಶಾಕ್ ಅಬ್ಸಾರ್ಬರಿಗೆ ಎಣ್ಣೆ ತುಂಬಿದ, ಸವೆದ ರಬ್ಬರ್ ಬುಷ್ ಬದಲಿಸಿದ. ಇಬ್ಬರೂ ಇಕ್ಕೇರಿಗೆ ಹೋಗಿ ಬಂದೆವು. ಒಂದು ಸದ್ದಿಲ್ಲ! ಖುಷಿಯಿಂದ ಗೌಡರನ್ನ ಕರೆದು ಹಿಂದೆ ಹತ್ತಿಸಿದೆ, ಮೇಸ್ತ್ರಿ ನನ್ನ ಪಕ್ಕ ಕೂತ. ಮೊದಲ ತಿರುವಿಗೇ ದಡ್.

"ಗಾಡಿ ಸರಿ ಇದೆ, ನಿನಗೇ ಓಡಿಸೋಕೆ ಬರಲ್ಲ" ಅಂದ ಮೇಸ್ತ್ರಿ.

ನನಗೆ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನೀನೇ ಓಡಿಸೋ!" ಅಂತ ಗಾಡಿ ನಿಲ್ಲಿಸಿ ಕೀ ಬಿಸಾಕಿದೆ. ಅವನು ಓಡಿಸಿದರೂ ದಡ್.

"ಇವನೂ ಗುಂಡಿ ಹುಡುಕ್ತಾನಲ್ಲೋ!" ಅಂದರು ಗೌಡರು.

ಮೇಸ್ತ್ರಿ ತಲೆ ಕೆರೆದುಕೊಂಡ. "ಗೌಡ್ರೇ, ಒಂಚೂರು ಬಲಗಡೆ ಸರಿದು ಕೂತ್ಕೊಳ್ತೀರಾ?"

"ಬಲಗಡೆಯಾ? ನಾನು ಯಾವಾಗ್ಲೂ ಎಡಗಡೇನೇ ಕೂರೋದು!"

ಹೌದು. ರಸ್ತೆಯ ಎಡಕ್ಕಿರೋ ಅಂಗಡಿ ಸಾಲಿನವರು ಕೈ ಮುಗಿದರೆ ಕಾಣಬೇಕಲ್ಲ. ಅದಕ್ಕೇ ವರ್ಷಾನುಗಟ್ಟಲೆ ಆ ಮೂಲೆ ಅವರದ್ದೇ. ಗೊಣಗುತ್ತಾ ಬಲಕ್ಕೆ ಸರಿದರು. ಸದ್ದು ನಿಂತಿತು. ಕಾರಿನಡಿ ನುಗ್ಗಿ ನೋಡಿದರೆ, ಹಿಂದಿನ ಎಡಗಡೆ ಸ್ಪ್ರಿಂಗಿನ ಪ್ಲೇಟುಗಳು ಮುರಿದು ಕೂತಿವೆ. ಇಷ್ಟು ದಿನ ಬೈಸಿಕೊಂಡವನು ನಾನು!

"ಎಂತ ಆಗಿದೆಯೋ?" ಅಂದರು ಗೌಡರು.

ಮೇಸ್ತ್ರಿ ಕೈ ಒರೆಸಿಕೊಂಡು ವಿನಯವಾಗಿ ಹೇಳಿದ: "ಎಡಗಡೆ ಮರ್ಯಾದೆ ಸ್ವಲ್ಪ ಜಾಸ್ತಿ ಬಿದ್ದಿದೆ ಗೌಡ್ರೇ."

ಒಣಗಿದ ಕಣ್ಣು

ಹೊಸ ಪ್ಲೇಟು ಹಾಕಿಸಿದೆ. ಹುಡುಗಿಯೂ ಹಟ ಹಿಡಿದಳು, ಗೌಡರು ಒಪ್ಪಿದರು. ಮದುವೆ ಮುಗಿದ ಮೇಲೆ ಹೂವು ಕಟ್ಟಿದ ನನ್ನ ಕಾರಿನಲ್ಲೇ ಮದುಮಕ್ಕಳು ಹಿಂದೆ, ಗೌಡರು ಮುಂದೆ, ತೀರ್ಥಹಳ್ಳಿ ಕಡೆ ಹೊರಟೆವು. ಕಾರು ಒಂದು ಕಡೆಯೂ ಕುಲುಕಲಿಲ್ಲ. ಹೆಮ್ಮೆಯಿಂದ ಕನ್ನಡಿಯಲ್ಲಿ ನೋಡಿದೆ; ಮದುಮಕ್ಕಳಿಬ್ಬರಿಗೂ ಗಾಢ ನಿದ್ದೆ.

ಗಂಡಿನ ಮನೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಅಜ್ಜಿ, ಹುಡುಗಿ ಇಳಿದದ್ದೇ ಮುಖ ದಿಟ್ಟಿಸಿದರು. "ಅಯ್ಯೋ, ತವರು ಬಿಟ್ಟು ಬಂದ ಹುಡುಗಿ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ಆಕಳಿಸ್ತಾ ಇಳೀತಾಳಲ್ಲ!"

ಎಲ್ಲರೂ ಗೌಡರ ಮುಖ ನೋಡಿದರು. ಗೌಡರು ಗರಕ್ಕನೆ ನನ್ನ ಕಡೆ ತಿರುಗಿದರು.

"ಎಲ್ಲಾ ಇವನಿಂದಾದದ್ದು ಅಮ್ಮಾ! ಹಳೇ ಸ್ಪ್ರಿಂಗೇ ಇದ್ದಿದ್ರೆ ಹೊಸನಗರ ದಾಟೋದ್ರೊಳಗೆ ಗೊಳೋ ಅಂತ ಅಳ್ತಿದ್ಲು!"